ಕಾಲುವೆಯಲ್ಲಿ ಇಲ್ಲದ ನೀರು

ನಿಮ್ಮ ಮನೆಯಲ್ಲಿ ರೇಡಿಯೋ ಇದೆಯೆಂದು ನಂಬಿಕೊಂಡೇ ಈ ಮಾತನ್ನು ಆರಂಭಿಸುತ್ತೇನೆ. ಸೆಲ್ಲು ಹಾಕಿದಾಗ ಚೊಕ್ಕಟವಾಗಿ ಹಾಡುವ ರೇಡಿಯೋ, ಅಗ್ಗದ ಎಲಿಮಿನೇಟರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಕೇಳಿದಾಗ ಹಾಡಿನ ಹಿಂದೆ ಗುಂಯ್ ಎಂದು ತನ್ನದೇ ಒಂದು ಶ್ರುತಿ ಹಿಡಿಯುವುದನ್ನು ನೀವು ಬಲ್ಲಿರಿ. ಆ ಗುಂಯ್ ಯಾವ ನಿಲಯದಿಂದಲೂ ಹೊರಟದ್ದಲ್ಲ. ಗೋಡೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹಿಂದುಮುಂದು ಓಲಾಡುತ್ತದೆ. ಎಲಿಮಿನೇಟರು ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಅಲೆಗಳು ಉಳಿದುಕೊಳ್ಳುತ್ತವೆ. ಅವನ್ನು ಸರಿಯಾಗಿ ಸೋಸಿ ತೆಗೆಯದಿದ್ದರೆ ಪಾಪ ರೇಡಿಯೋ ಅದನ್ನೂ ಸಂಗೀತವೆಂದೇ ತಿಳಿದು ನಿಮಗೆ ಕೇಳಿಸುತ್ತದೆ.

ರೇಡಿಯೋಕ್ಕೆ ಹೀಗಾದರೆ ಕಿವಿಗೆ ಕಿರಿಕಿರಿ, ಅಷ್ಟೆ. ಇದೇ ದೋಷ ರೇಡಾರಿಗೆ ತಗುಲಿದರೆ ಇಲ್ಲದ ವಸ್ತು ಇದ್ದಂತೆ ಕಾಣುತ್ತದೆ. 2022ರ ಜನವರಿಯಲ್ಲಿ ನನ್ನ ಕೈಯಿಂದಲೇ ಹೀಗೊಮ್ಮೆ ಆಯಿತು. ಆ ಕಥೆಯನ್ನು ಹೇಳದೆ ಈ ವಿಷಯವನ್ನು ವಿವರಿಸಲು ನನಗೆ ಬರುವುದಿಲ್ಲ.

ಸಿಂಧನೂರಿನ ಬಳಿ ಆರ್.ಎಚ್. ಕ್ಯಾಂಪ್ ಎಂಬ ಊರುಗಳಿವೆ. ಆರ್.ಎಚ್. ಎಂದರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳಿಗೆ 1970ರ ದಶಕದ ಆರಂಭದಲ್ಲಿ ಇಲ್ಲಿ ನೆಲೆ ಕೊಟ್ಟರು. ಮನೆಯೊಳಗೆ ಬಂಗಾಳಿ, ಸಂತೆಯಲ್ಲಿ ಅಪ್ಪಟ ರಾಯಚೂರು ಕನ್ನಡ. ಸುತ್ತಲೂ ಭತ್ತ. ಆ ಭತ್ತಕ್ಕೆ ನೀರು ತುಂಗಭದ್ರೆಯದು. ಮುನಿರಾಬಾದಿನ ಬಳಿ ಹೊರಡುವ ಎಡದಂಡೆ ಕಾಲುವೆ 227 ಕಿಲೋಮೀಟರ್ ಉದ್ದ. ಅದರಿಂದ ವಿತರಣಾ ಕಾಲುವೆಗಳು, ಅವುಗಳಿಂದ ಉಪಕಾಲುವೆಗಳು, ಕಡೆಗೆ ಹೊಲದ ಬದುವಿನ ತೂಬು. ಮೇಲಿನವರು ತುಸು ಹೆಚ್ಚು ಎಳೆದುಕೊಂಡರೆ ಕೆಳಭಾಗದವರಿಗೆ ಬರುವುದು ಸುದ್ದಿ ಮಾತ್ರ. ಆದ್ದರಿಂದ ಆ ಸೀಮೆಯಲ್ಲಿ ಗೇಜು ಎಂಬ ಮಾತಿಗೆ ಇರುವ ಬೆಲೆ ಬಂಗಾರಕ್ಕೂ ಇಲ್ಲ. ಇಂಥ ಮೈಲಿಯಲ್ಲಿ ಗೇಜು ಎಷ್ಟಿದೆ ಎಂಬುದರ ಮೇಲೆ ಧರಣಿ ಕೂಡುತ್ತಾರೆ, ಅದರ ಮೇಲೆಯೇ ಏಳುತ್ತಾರೆ.

ಅಂಥ ಒಂದು ಉಪಕಾಲುವೆಯ ಚಿಕ್ಕ ಸೇತುವೆಗೆ ನಾನೂ ನನ್ನ ಇಬ್ಬರು ಸಂಗಡಿಗರೂ ಪ್ರಯೋಗಕ್ಕೆಂದು ಒಂದು ರೇಡಾರ್ ಡಬ್ಬಿಯನ್ನು ಕಟ್ಟಿದೆವು. ಊಟದ ಡಬ್ಬಿಯಷ್ಟು ದೊಡ್ಡದು. ಮುಖ ಕೆಳಗೆ ಮಾಡಿ ಕೂತು ನೀರಿನ ಮಟ್ಟ ಅಳೆಯಬೇಕು, ಸೌರಫಲಕದ ಬಿಸಿಲುಂಡು ಬದುಕಬೇಕು, ನೀರು ಬಂದರೆ ಕೆಳಗಿನ ರೈತರ ಫೋನಿಗೆ ಸಂದೇಶ ಕಳಿಸಬೇಕು. ಇಷ್ಟೇ ಅದರ ಕೆಲಸ.

ಅಳೆಯುವ ಬಗೆ ಹೇಗೆಂದು ಕೇಳುತ್ತೀರಿ. ಬಾವಿಯೊಳಗೆ ಕೂಗಿದರೆ ಮಾರುದನಿ ಬರುವಂತೆ ರೇಡಾರೂ ಒಂದು ಕೂಗು ಹಾಕುತ್ತದೆ. ಆದರೆ ಇದರ ಕೂಗು ರೇಡಿಯೋ ಅಲೆಯದು, ಸೆಕೆಂಡಿಗೆ 6,000 ಕೋಟಿ ಕಂಪನ. ಶಾಸ್ತ್ರದ ಮಾತಿನಲ್ಲಿ 60 ಗಿಗಾಹರ್ಟ್ಸ್. ಅಲೆಯ ಉದ್ದ ಐದು ಮಿಲಿಮೀಟರ್. ಬೆಳಕಿನ ವೇಗದ ಮಾರುದನಿಗೆ ಗಡಿಯಾರ ಹಿಡಿದು ಕೂರುವುದು ಕಷ್ಟ. ಅದಕ್ಕೊಂದು ಉಪಾಯವಿದೆ. ಕೂಗುವಾಗ ಸ್ವರವನ್ನು ಒಂದೇ ಸಮನೆ ಏರಿಸುತ್ತ ಹೋಗುವುದು, ಗಾಯಕರು ಮೀಂಡ್ ಎಳೆಯುತ್ತಾರಲ್ಲ, ಹಾಗೆ. ಮಾರುದನಿ ಹಿಂದಿರುಗುವಷ್ಟರಲ್ಲಿ ಮೂಲಸ್ವರ ಮೇಲಕ್ಕೆ ಹೋಗಿರುತ್ತದೆ. ಈಗಿನ ಸ್ವರಕ್ಕೂ ಮರಳಿದ ಸ್ವರಕ್ಕೂ ಇರುವ ಅಂತರವೇ ದೂರದ ಅಳತೆ. ಹತ್ತಿರದ ವಸ್ತುವಿಗೆ ಅಂತರ ಕಡಿಮೆ, ದೂರದ್ದಕ್ಕೆ ಹೆಚ್ಚು.

ನಮ್ಮ ಡಬ್ಬಿಯಲ್ಲಿ ಸ್ವರ ಪ್ರತಿ ಮೈಕ್ರೋಸೆಕೆಂಡಿಗೆ 50 ಮೆಗಾಹರ್ಟ್ಸ್ ಏರುವಂತೆ ಹೊಂದಿಸಿದ್ದೆವು. ಲೆಕ್ಕ ಹಾಕಿದರೆ ಮೂರು ಮೀಟರ್ ದೂರಕ್ಕೆ ಅಂತರ ಸರಿಯಾಗಿ ಒಂದು ಮೆಗಾಹರ್ಟ್ಸ್. ಎಂದರೆ 1,000 ಕಿಲೋಹರ್ಟ್ಸ್. ನಿಮಗೆ ಇದು ಗುರುತಿನ ಜಾಗವಲ್ಲವೆ? ನಿಮ್ಮ ರೇಡಿಯೋದ ಮೀಡಿಯಂ ವೇವ್ ಪಟ್ಟಿಯ ನಡುಮನೆ ಅದು. ಬೆಂಗಳೂರಿಗೆ 612, ಧಾರವಾಡಕ್ಕೆ 765, ಕಲಬುರಗಿಗೆ 1107 ಎಂದು ನಮ್ಮ ಮನೆಗಳಲ್ಲಿ ಬಹುಕಾಲ ಮಕ್ಕಳಿಗೂ ಬಾಯಿಪಾಠವಾಗಿತ್ತು. ಆ ಸೇತುವೆಯ ಕೆಳಗೆ ಈ ಅಂಕೆಗಳನ್ನು ದೂರವಾಗಿ ತಿರುಗಿಸಿದರೆ ಬೆಂಗಳೂರು 1 ಮೀಟರ್ 84 ಸೆಂಟಿಮೀಟರಿನಲ್ಲಿ, ಧಾರವಾಡ 2 ಮೀಟರ್ 30ರಲ್ಲಿ, ಕಲಬುರಗಿ 3 ಮೀಟರ್ 32ರಲ್ಲಿ ನಿಲ್ಲುತ್ತವೆ. ಕಾಲುವೆಯ ತಳ 3 ಮೀಟರ್ 60ರಲ್ಲಿತ್ತು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ವಿದ್ಯುತ್ತಿನ ವಿಷಯ. ರೇಡಾರ್ ಚಿಪ್ಪಿಗೆ ಒಂದೇ ವೋಲ್ಟೇಜು ಸಾಲದು. ಗಣಿತ ಮಾಡುವ ಭಾಗಕ್ಕೆ 1.2 ವೋಲ್ಟ್, ಸ್ವರ ಹುಟ್ಟಿಸುವ ನಾಜೂಕು ಭಾಗಗಳಿಗೆ 1.0 ಮತ್ತು 1.8, ಹೊರಗಿನವರೊಡನೆ ಮಾತನಾಡಲು 3.3. ಬ್ಯಾಟರಿಯೋ ಒಂದೇ. ಈ ಹಂಚಿಕೆಯನ್ನು ಮಾಡುವುದು ಇನ್ನೊಂದು ಚಿಪ್ಪು. ವಿದ್ಯುತ್ ನಿರ್ವಹಣೆಯ ಚಿಪ್ಪು ಎನ್ನೋಣ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಆರ್.ಎಚ್. ಕ್ಯಾಂಪಿನ ರೈತರಿಗೆ ನಾನು ಅದನ್ನು ವಿವರಿಸಿದ್ದು ಹೀಗೆ: ಬ್ಯಾಟರಿ ನಿಮ್ಮ ಅಣೆಕಟ್ಟು, ಈ ಚಿಪ್ಪು ವಿತರಣಾ ಕಾಲುವೆ, ಒಂದೊಂದು ವೋಲ್ಟೇಜಿಗೂ ಒಂದೊಂದು ತೂಬು. ಅವರಿಗೆ ಕ್ಷಣದಲ್ಲಿ ತಿಳಿಯಿತು. ನಮ್ಮ ಕಾಲೇಜುಗಳಲ್ಲಿ ಇಷ್ಟು ಬೇಗ ತಿಳಿಯುವುದಿಲ್ಲ.

ಈ ತೂಬುಗಳು ನೀರನ್ನು ಅರ್ಧ ತೆರೆದು ಬಿಡುವ ಜಾತಿಯವಲ್ಲ. ಪೂರಾ ತೆರೆ, ಪೂರಾ ಮುಚ್ಚು. ನಮ್ಮ ಚಿಪ್ಪಿನಲ್ಲಿ ಸೆಕೆಂಡಿಗೆ 40 ಲಕ್ಷ ಸಲ. ಎಂದರೆ ನಾಲ್ಕು ಮೆಗಾಹರ್ಟ್ಸ್. ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದರ ಮೇಲೆ ಸರಾಸರಿ ವೋಲ್ಟೇಜು ನಿರ್ಧಾರವಾಗುತ್ತದೆ. ಹೀಗೆ ಮಾಡಿದರೆ ಬಿಸಿಯಾಗಿ ಪೋಲಾಗುವುದು ಕಡಿಮೆ. ಆದರೆ ತೆರೆದು ಮುಚ್ಚುವ ಅಲೆ ಸ್ವಲ್ಪವಾದರೂ ಉಳಿಯದೆ ಇರದು. ಮುಂದೆ ಸುರುಳಿ ಕೆಪಾಸಿಟರುಗಳನ್ನಿಟ್ಟು ಸೋಸುತ್ತೇವೆ. ಎಷ್ಟು ಸೋಸಬೇಕು? ರೇಡಾರ್ ಚಿಪ್ಪು ಮಾಡುವವರು ಆ ಒಂದು ವೋಲ್ಟಿನ ಸಾಲಿನಲ್ಲಿ ಕೆಲವು ಆವರ್ತನಗಳಿಗೆ ಹತ್ತು ಮೈಕ್ರೋವೋಲ್ಟಿಗಿಂತ ಕಡಿಮೆ ಅಲೆಯನ್ನು ಕೇಳುತ್ತಾರೆ. ವೋಲ್ಟಿನ ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ! ಏಕೆಂದರೆ ಆ ಅಲೆ ಸ್ವರದ ಮೇಲೆ ಕೂತುಬಿಟ್ಟರೆ ಮಾರುದನಿಯ ಅಂತರಕ್ಕೂ ಅದಕ್ಕೂ ವ್ಯತ್ಯಾಸ ಹಿಡಿಯುವುದು ಯಂತ್ರದಿಂದ ಆಗದು. ಎಲಿಮಿನೇಟರಿನ ಗುಂಯ್ ರೇಡಿಯೋಕ್ಕೆ ಹಾಡಾದಂತೆ, ಇದು ರೇಡಾರಿಗೆ ವಸ್ತುವಾಗುತ್ತದೆ. ನಮ್ಮ ನಾಲ್ಕು ಮೆಗಾಹರ್ಟ್ಸಿನ ಅಲೆ ಲೆಕ್ಕಕ್ಕೆ 12 ಮೀಟರ್ ದೂರದ ವಸ್ತು. ಕಾಲುವೆಯ ತಳಕ್ಕಿಂತ ಎಂಟು ಮೀಟರಿಗೂ ಕೆಳಗೆ, ನೆಲದೊಳಗೆ ಹೂತಂತೆ. ಅದರಿಂದ ನಮಗೆ ತೊಂದರೆ ಇರಲಿಲ್ಲ.

ಹಗಲೆಲ್ಲ ಅಳತೆ ಬೆರಳೆಣಿಸಿದಂತೆ ಸರಿಯಾಗಿ ಬಂತು. ಗ್ಯಾಂಗ್‌ಮನ್ ಕೋಲು ಇಳಿಬಿಟ್ಟು ನೋಡಿ ತಲೆಯಾಡಿಸಿದ. ನಾವು ಸಿಂಧನೂರಿಗೆ ಬಂದು ಊಟ ಮಾಡಿ ಮಲಗಿದೆವು.

ಬೆಳಿಗ್ಗೆ ಹೋದರೆ ಸೇತುವೆಯ ಮೇಲೆ ಒಬ್ಬ ಹಿರಿಯರು ಕಾದು ಕುಳಿತಿದ್ದರು. ಕ್ಯಾಂಪಿನವರೇ. ಬಾಲ್ಯದಲ್ಲಿ ತಂದೆಯ ಕೈಹಿಡಿದು ಬಂದವರು.

"ಸಾಹೇಬ್ರ, ರಾತ್ರಿ ನಿಮ್ಮ ಡಬ್ಬಿ ನೀರು ಬಂದಾವ ಅಂತ ಫೋನಿಗಿ ಹಾಕ್ಯದ. ನನ್ನ ಮಗ ಸಲಿಕಿ ಹಿಡಕೊಂಡು ಓಡಿದ. ಕಾಲುವ್ಯಾಗ ನಾಯಿ ಮಲಗಿತ್ತು ನೋಡ್ರಿ."

ನಾನು ನಗಲು ಹೋದೆ. ಅವರು ನಗಲಿಲ್ಲ. ನಗದಿದ್ದುದಕ್ಕೆ ಕಾರಣವಿತ್ತು. ಎರಡನೆಯ ಬೆಳೆಗೆಂದು ಅವರು ಭತ್ತದ ಸಸಿಮಡಿ ಹಾಕಿದ್ದರು. ಹಳ್ಳದಿಂದ ನೀರೆತ್ತಲು ಆ ರಾತ್ರಿಗೆ ಬಾಡಿಗೆ ಇಂಜಿನ್ ಗೊತ್ತು ಮಾಡಿದ್ದರು. ನೀರು ಬಂತೆಂಬ ಸಂದೇಶ ನೋಡಿ ಮಗ ಇಂಜಿನ್ನಿನ ಸರದಿಯನ್ನು ಪಕ್ಕದವರಿಗೆ ಬಿಟ್ಟುಕೊಟ್ಟ. ಮತ್ತೆ ಸರದಿ ಬರುವುದು ಮೂರು ದಿನಕ್ಕೆ. ಮಡಿ ಅಷ್ಟರೊಳಗೆ ಸೀಳು ಬಿಟ್ಟಿತ್ತು.

ಯಂತ್ರದ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದೆ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ನೀರಿನ ಮೈ ಸೇತುವೆಯಿಂದ 1 ಮೀಟರ್ 83 ಸೆಂಟಿಮೀಟರ್ ಕೆಳಗೆ. ಎಂದರೆ ಕಾಲುವೆಯಲ್ಲಿ ಆಳೆತ್ತರದ ನೀರು. ಅದೂ ಅಲುಗದ ನೀರು.

ಎರಡನೆಯ ರಾತ್ರಿ ಅಲ್ಲಿಯೇ ಕುಳಿತೆವು. ಹತ್ತು ಗಂಟೆಗೆ ಮತ್ತೆ ಆ ಮಾಯಾನೀರು ಹಾಜರು. ಸಂಗಡಿಗರೊಬ್ಬರು ಡಬ್ಬಿ ಕೆಟ್ಟಿದೆ ಎಂದರು, ಇನ್ನೊಬ್ಬರು ಮಂಜು ಎಂದರು. ಹಿರಿಯರ ಮಗ ತನ್ನ ತಂದೆಯ ಟ್ರಾನ್ಸಿಸ್ಟರ್ ತಂದು ಪಕ್ಕದಲ್ಲಿಟ್ಟುಕೊಂಡಿದ್ದ. ರಾತ್ರಿ ಹೊತ್ತು ಬೆಂಗಳೂರು ಅಲ್ಲಿಗೆ ಚೆನ್ನಾಗಿಯೇ ಬರುತ್ತದೆ. ಡಬ್ಬಿಯ ಮುಚ್ಚಳ ತೆಗೆದು, ಅಳತೆ ಬಿಡುವಿಲ್ಲದೆ ನಡೆಯುವಂತೆ ಮಾಡಿ ನೋಡುತ್ತಿದ್ದೆವು. ಅವನು ಬಗ್ಗಿ ನೋಡಲು ಬಂದಾಗ ಕೈಯಲ್ಲಿದ್ದ ಟ್ರಾನ್ಸಿಸ್ಟರ್ ಸಿಳ್ಳೆ ಹಾಕಿತು. ಹಿಂದೆ ಸರಿದ, ಸಿಳ್ಳೆ ನಿಂತಿತು. ಹತ್ತಿರ ಬಂದ, ಮತ್ತೆ ಸಿಳ್ಳೆ.

ನನಗೆ ಆಗ ಮೈ ಝುಮ್ಮೆಂದಿತು. 1 ಮೀಟರ್ 83 ಸೆಂಟಿಮೀಟರ್ ಎಂದರೆ 610 ಕಿಲೋಹರ್ಟ್ಸ್. ಬೆಂಗಳೂರು 612. ಇವೆರಡರ ಘರ್ಷಣೆಯೇ ಆ ಸಿಳ್ಳೆ. ಮಾಯಾನೀರು ಹುಟ್ಟುತ್ತಿದ್ದುದು ಕಾಲುವೆಯಲ್ಲಿ ಅಲ್ಲ, ಡಬ್ಬಿಯ ಒಳಗೆ.

ಖಚಿತಪಡಿಸಿಕೊಳ್ಳಲು ಇನ್ನೊಂದು ಪರೀಕ್ಷೆ ಮಾಡಿದೆವು. ಸ್ವರ ಏರುವ ವೇಗವನ್ನು 50ರಿಂದ 60ಕ್ಕೆ ಹೆಚ್ಚಿಸಿದೆವು. ನಿಜವಾದ ವಸ್ತುವಾದರೆ ಅದರ ಅಂತರವೂ ಅದೇ ಪ್ರಮಾಣದಲ್ಲಿ ಹೆಚ್ಚಿ ಲೆಕ್ಕದಲ್ಲಿ ದೂರ ಬದಲಾಗದೆ ಉಳಿಯಬೇಕು. ಕಾಲುವೆಯ ತಳದ ಮಂಕು ಪ್ರತಿಧ್ವನಿ 3 ಮೀಟರ್ 60ರಲ್ಲಿಯೇ ಉಳಿಯಿತು. ಮಾಯಾನೀರು ಮಾತ್ರ ಎದ್ದು 1 ಮೀಟರ್ 52ಕ್ಕೆ ಬಂದು ನಿಂತಿತು. ಭೂತಕ್ಕೆ ನೆರಳಿಲ್ಲ ಎನ್ನುತ್ತಾರಲ್ಲ, ಇದಕ್ಕೆ ದೂರವಿರಲಿಲ್ಲ.

ಹಾಗಾದರೆ ನಾಲ್ಕು ಮೆಗಾಹರ್ಟ್ಸಿನ ತೂಬು 610 ಕಿಲೋಹರ್ಟ್ಸಿಗೆ ಏಕೆ ಇಳಿಯಿತು? ಇದೇ ನಾನು ಮಾಡಿದ ತಪ್ಪು. ಈ ಚಿಪ್ಪುಗಳಲ್ಲಿ ಎರಡು ನಡೆಗಳಿವೆ. ಒಂದು, ಹೊರೆ ಇರಲಿ ಬಿಡಲಿ ಒಂದೇ ತಾಳದಲ್ಲಿ ತೆರೆದು ಮುಚ್ಚುವುದು. ಇನ್ನೊಂದು ಉಳಿತಾಯದ ನಡೆ: ಹೊರೆ ಹಗುರವಾದಾಗ ಒಂದು ಗುಟುಕು ಕೊಟ್ಟು ಸುಮ್ಮನಿದ್ದು, ವೋಲ್ಟೇಜು ತುಸು ಇಳಿದ ಮೇಲೆ ಮತ್ತೊಂದು ಗುಟುಕು. ಆಗ ತಾಳ ನಿಧಾನವಾಗುತ್ತದೆ, ಹೊರೆಗೆ ತಕ್ಕಂತೆ ಅಲೆದಾಡುತ್ತದೆ. ಚಿಪ್ಪಿಗೆ ಆಯ್ಕೆ ಬಿಟ್ಟರೆ ಅದೇ ನೋಡಿ ನಡೆ ಬದಲಿಸುತ್ತದೆ. ಬ್ಯಾಟರಿ ಉಳಿಯಲೆಂದು ನಾನು ಎಲ್ಲ ತೂಬುಗಳಿಗೂ ಆ ಸ್ವಾತಂತ್ರ್ಯ ಕೊಟ್ಟಿದ್ದೆ. ಅದು ಸಾಲದೆಂದು ರಾತ್ರಿ ಹತ್ತರ ಮೇಲೆ ನಾಲ್ಕು ಗ್ರಾಹಕಗಳಲ್ಲಿ ಎರಡನ್ನು ಆರಿಸುವಂತೆಯೂ ಬರೆದಿದ್ದೆ. 1.8 ವೋಲ್ಟಿನ ಸಾಲಿನಲ್ಲಿ ಹೊರೆ ಇಳಿಯಿತು, ತೂಬು ಉಳಿತಾಯಕ್ಕೆ ತೊಡಗಿತು. ನಮ್ಮ ಸೋಸುಕವೋ ನಾಲ್ಕು ಮೆಗಾಹರ್ಟ್ಸಿಗೆಂದು ಕಟ್ಟಿದ್ದು. ನಿಧಾನವಾದ ಅಲೆ ಅದರಲ್ಲಿ ನುಸುಳಿಹೋಯಿತು. ಒಣ ಕಾಲುವೆಯ ಒರಟು ಮಣ್ಣು ಅಲೆಯನ್ನು ಚೆದುರಿಸಿ ಮಂಕಾಗಿ ಹಿಂದಿರುಗಿಸುತ್ತದೆ. ಹೀಗಾಗಿ ಸುಳ್ಳು ಪ್ರತಿಧ್ವನಿಯೇ ಗಟ್ಟಿಯಾಯಿತು. ಗಟ್ಟಿಯಾಗಿ ಕೂಗಿದವನ ಮಾತನ್ನೇ ನಂಬಬೇಕೆಂದು ನಾನೇ ಯಂತ್ರಕ್ಕೆ ಹೇಳಿದ್ದೆ.

ಸರಿಪಡಿಸಿದ್ದು ಹೇಗೆಂದರೆ ನಿಮಗೆ ನಿರಾಶೆಯಾದೀತು. ಈ ಚಿಪ್ಪಿನೊಳಗೆ ಎಂಟೆಂಟು ಮನೆಗಳ ಸಾಲುಗಳಿರುತ್ತವೆ. ರಿಜಿಸ್ಟರು ಎಂದು ಹೆಸರು. ಒಂದೊಂದು ಮನೆಯಲ್ಲೂ ಸೊನ್ನೆ ಅಥವಾ ಒಂದು. ಎರಡು ತಂತಿಗಳ ಮೂಲಕ ಹೊರಗಿನಿಂದ ಅವನ್ನು ಬದಲಿಸಬಹುದು. ಆ ತೂಬಿನ ಸಾಲಿನಲ್ಲಿ ಒಂದು ಮನೆಯ ಸೊನ್ನೆಯನ್ನು ಒಂದು ಮಾಡಿದೆ: ಇನ್ನು ಒಂದೇ ತಾಳ. ಮಾಯಾನೀರು ಇಂಗಿಹೋಯಿತು.

ಬ್ಯಾಟರಿಯ ಗತಿಯೇನು? ಆ ಚಿಂತೆಯೂ ವಿವೇಕದಿಂದ ಬಗೆಹರಿಯಿತು. ಯಂತ್ರ ಅಳೆಯುವುದು ಹದಿನೈದು ನಿಮಿಷಕ್ಕೊಮ್ಮೆ, ಸೆಕೆಂಡಿನ ಒಂದು ಚೂರು ಹೊತ್ತು. ಆ ಚೂರು ಹೊತ್ತು ಮಾತ್ರ ಒಂದೇ ತಾಳ. ವೋಲ್ಟೇಜು ನೆಲೆನಿಲ್ಲಲು ಒಂದೆರಡು ಮಿಲಿಸೆಕೆಂಡ್ ಕಾದು ಆಮೇಲೆ ಕೂಗು. ಉಳಿದ ಹೊತ್ತೆಲ್ಲ ಬೇಕಾದಷ್ಟು ಉಳಿತಾಯ ಮಾಡಿಕೊಳ್ಳಲಿ. ಮೊದಲೇ ಹೀಗೆ ಮಾಡಬಹುದಿತ್ತು. ನನ್ನ ಜಿಪುಣತನಕ್ಕೆ ಗಡಿಯಾರ ತಿಳಿದಿರಲಿಲ್ಲ. ಇದರ ಜೊತೆಗೆ, ಎರಡು ಬೇರೆ ವೇಗಗಳಲ್ಲಿ ಅಳೆದು ಎರಡೂ ಒಪ್ಪಿದರೆ ಮಾತ್ರ ಸಂದೇಶ ಕಳಿಸಬೇಕೆಂದೂ ಬರೆದೆವು.

ಈ ಹೊಂದಿಸುವಿಕೆಯಲ್ಲಿ ಇನ್ನೂ ಕೆಲವು ಸಂಗತಿಗಳಿವೆ. ಚಿಪ್ಪು ಕಾರ್ಖಾನೆಯಿಂದ ಬರುವಾಗಲೇ ಅದರ ಹಣೆಯಲ್ಲಿ ಒಂದಿಷ್ಟು ಬರೆದಿರುತ್ತದೆ. ಒಮ್ಮೆ ಬರೆದದ್ದು ಅಳಿಯದು. ವಿದ್ಯುತ್ತು ಬಂದ ಮೊದಲ ಕ್ಷಣಗಳಲ್ಲಿ ನಡೆಯುವುದು ಆ ಹಣೆಬರಹವೇ. ಯಾವ ತೂಬು ಮೊದಲು, ಎಷ್ಟು ಹೊತ್ತಿನ ಮೇಲೆ ಇನ್ನೊಂದು ಎಂಬುದೆಲ್ಲ ಅದರಲ್ಲಿದೆ. ಎಲ್ಲ ವೋಲ್ಟೇಜುಗಳೂ ನೆಲೆನಿಂತ ಮೇಲೆಯೇ ರೇಡಾರನ್ನು ಎಬ್ಬಿಸಬೇಕು. ಬದು ಕಟ್ಟದೆ ನೀರು ಬಿಟ್ಟರೆ ಆಗುವುದೇ ಇಲ್ಲಿಯೂ ಆಗುತ್ತದೆ. ಎಲ್ಲ ತೂಬುಗಳೂ ಒಟ್ಟಿಗೆ ತೆರೆಯದಂತೆ ಒಂದರ ಹಿಂದೆ ಒಂದು ತೆರೆಯುವ ಏರ್ಪಾಟಿದೆ. ಇದನ್ನು ಕೇಳಿ ಹಿರಿಯರು "ವಾರಬಂದಿ" ಎಂದರು. ಹೌದು, ಅದೇ. ಮತ್ತೊಂದು, ತಾಳವನ್ನು ಬೇಕೆಂದೇ ಸ್ವಲ್ಪ ಅಲ್ಲಾಡಿಸಿ ಗದ್ದಲವನ್ನು ತೆಳ್ಳಗೆ ಹರಡುವ ವಿದ್ಯೆ. ಪಕ್ಕದ ರೇಡಿಯೋಗಳಿಗೆ ಅದು ಉಪಕಾರವೇ. ಆದರೆ ರೇಡಾರಿನಲ್ಲಿ ಒಂದು ಭೂತವನ್ನು ಪುಡಿಮಾಡಿ ಹೊಲದ ತುಂಬ ಚೆಲ್ಲಿದ ಹಾಗಾಗುತ್ತದೆ. ಮಂಕು ಪ್ರತಿಧ್ವನಿಗಳು ಆ ಧೂಳಿನಲ್ಲಿ ಮುಚ್ಚಿಹೋಗಬಹುದು. ನನ್ನ ಕೇಳಿದರೆ ಭೂತ ಒಂದೇ ಕಡೆ ಇರಲಿ, ವಿಳಾಸ ಗೊತ್ತಿರಲಿ.

ವಿಳಾಸದ ಮಾತು ಕಾರಿನಲ್ಲಿ ಇನ್ನೂ ಗಂಭೀರ. ಮುಂದಿನ ವಾಹನವನ್ನು ಕಂಡು ತಾನೇ ಬ್ರೇಕು ಹಾಕುವ ಕಾರುಗಳು ನಮ್ಮ ದೇಶದ ರಸ್ತೆಗಳಲ್ಲಿಯೂ ಓಡಾಡುತ್ತಿವೆ. ಅವುಗಳ ಮುಂಭಾಗದಲ್ಲಿ ಕೂತ ರೇಡಾರ್ 76ರಿಂದ 81 ಗಿಗಾಹರ್ಟ್ಸಿನದು. ಇಂಥ ರೇಡಾರನ್ನು ಒಂದೇ ಚಿಪ್ಪಿನಲ್ಲಿ ಅಡಗಿಸುವ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಅಲ್ಲಿ ನೆಲೆಯೂರಿತು. ಅದು 2017ರಲ್ಲಿ ಹೊರತಂದ ರೇಡಾರ್ ಚಿಪ್ಪುಗಳಲ್ಲಿ ಬೆಂಗಳೂರಿನ ಎಂಜಿನಿಯರುಗಳ ದುಡಿಮೆಯಿದೆ. 2016ರಲ್ಲಿ ಅಲ್ಲಿಯೇ ಹುಟ್ಟಿದ ಸ್ಟೆರಾಡಿಯನ್ ಎಂಬ ಚಿಕ್ಕ ಸಂಸ್ಥೆಯನ್ನು ಅದರ ರೇಡಾರ್ ವಿದ್ಯೆಗಾಗಿ ಜಪಾನಿನ ರೆನೆಸಾಸ್ 2022ರಲ್ಲಿ ಕೊಂಡಿತು.

ಕಾರಿನ ರೇಡಾರ್ ದೂರ ನೋಡಬೇಕು, ಆದ್ದರಿಂದ ಅದರ ಸ್ವರ ನಿಧಾನವಾಗಿ ಏರುತ್ತದೆ. ಮೈಕ್ರೋಸೆಕೆಂಡಿಗೆ 10 ಮೆಗಾಹರ್ಟ್ಸ್ ಎಂದಿಟ್ಟುಕೊಳ್ಳಿ. ಆಗ ಅದೇ ನಾಲ್ಕು ಮೆಗಾಹರ್ಟ್ಸಿನ ಅಲೆ ಎಲ್ಲಿ ನಿಲ್ಲುತ್ತದೆ? ಸರಿಯಾಗಿ 60 ಮೀಟರ್ ಮುಂದೆ, ನಟ್ಟನಡು ರಸ್ತೆಯಲ್ಲಿ. ಕಾಲುವೆಯಲ್ಲಿ ನೆಲದೊಳಗೆ ಹೂತಿದ್ದ ಭೂತ ಇಲ್ಲಿ ಎದ್ದು ನಿಲ್ಲುತ್ತದೆ. ಕಾರು ಕಾರಣವಿಲ್ಲದೆ ಬ್ರೇಕು ಹಾಕಿದರೆ ಹಿಂದಿನ ಲಾರಿ ಬಂದು ಗುದ್ದೀತು. ಅದಕ್ಕಿಂತ ಕೇಡು ಇನ್ನೊಂದುಂಟು. 60 ಮೀಟರಿನಲ್ಲಿ ಯಾವಾಗಲೂ ಏನೋ ಕಾಣುತ್ತದೆ, ಗಮನಿಸಬೇಡ ಎಂದು ಯಂತ್ರಕ್ಕೆ ಕಲಿಸಿಬಿಡುವುದು. ಸುಗ್ಗಿಯ ಕಾಲದಲ್ಲಿ ಸಿಂಧನೂರಿನಿಂದ ಮಸ್ಕಿಯ ಕಡೆಗೆ ರಾತ್ರಿ ಹೊರಟವರಿಗೆ ಗೊತ್ತು, ಹಿಂದಿನ ದೀಪವಿಲ್ಲದ ಭತ್ತದ ಟ್ರ್ಯಾಕ್ಟರು ಎಷ್ಟು ದೂರದಲ್ಲಿ ಕಣ್ಣಿಗೆ ಬೀಳುತ್ತದೆ ಎಂದು. ಅದು 60 ಮೀಟರಿನಲ್ಲಿಯೇ ಇದ್ದರೆ?

ಕಾರಿನ ಚಿಪ್ಪುಗಳು ಬಹುಕಾಲದಿಂದ ಎರಡು ಮೆಗಾಹರ್ಟ್ಸಿಗಿಂತ ಮೇಲೆ ತಾಳ ಹಾಕಿದವು. ಕಾರಣ ಕೇಳಿ ನೀವು ಸಂತೋಷಪಡಬೇಕು: ಕಾರಿನಲ್ಲಿ ಕೂತವರ ಮೀಡಿಯಂ ವೇವ್ ರೇಡಿಯೋ ಕೆಡಬಾರದೆಂದು. ರೇಡಾರಿಗಾಗಿ ಈಗ ಇನ್ನೂ ಮೇಲೆ ಹೋಗಿದ್ದಾರೆ; ಎಲ್‌ಪಿ87745 ಎಂಬ ಚಿಪ್ಪಿನ ತಾಳ 17.6 ಮೆಗಾಹರ್ಟ್ಸಿನವರೆಗೆ ಏರುತ್ತದೆ. ಮೇಲಿನ ಲೆಕ್ಕದಲ್ಲಿ ಅದರ ಭೂತ 264 ಮೀಟರ್ ಆಚೆ ನಿಲ್ಲುತ್ತದೆ, ಸೋಸುವುದೂ ಸುಲಭ. ವೋಲ್ಟೇಜು ತಪ್ಪಿದರೆ ರೇಡಾರನ್ನು ತಡೆದು ನಿಲ್ಲಿಸುವ ಕಾವಲೂ, ರೇಡಾರ್ ಮಂಕಾದರೆ ತಟ್ಟಿ ಎಬ್ಬಿಸುವ ಕಾವಲೂ ಅದರಲ್ಲಿವೆ. ಆದರೆ ಅವನ್ನೆಲ್ಲ ಹೊಂದಿಸುವವನು ಒಬ್ಬ ಮನುಷ್ಯ. ಸೊನ್ನೆಯೋ ಒಂದೋ ಎಂದು ಬರೆಯುವುದು ಅವನ ಕೈ.

ಆರ್.ಎಚ್. ಕ್ಯಾಂಪಿನ ಹಿರಿಯರು ಸಸಿಮಡಿಯನ್ನು ಎರಡನೆಯ ಸಲ ಹಾಕಿದರು. ಬೀಜದ ಹಣ ನಾನು ಕೊಡಹೋದೆ, ತೆಗೆದುಕೊಳ್ಳಲಿಲ್ಲ. ಊಟಕ್ಕೆ ಮೀನು ಬಡಿಸಿದರು. ಫೆಬ್ರವರಿಯಲ್ಲಿ ಒಂದು ರಾತ್ರಿ ಕಾಲುವೆಗೆ ನೀರು ಬಿಟ್ಟರು. ಮೂರು ಗಂಟೆಗೆ ಯಂತ್ರ ಬೆಂಗಳೂರಿನಲ್ಲಿದ್ದ ನನಗೂ ಸಂದೇಶ ಕಳಿಸಿತು, 2 ಮೀಟರ್ 71 ಎಂದು. ಅದಾದ ಅರ್ಧ ಗಂಟೆಗೆ ಫೋನು. ಹಿರಿಯರು ಬ್ಯಾಟರಿ ಹಿಡಿದು ಸೇತುವೆಯವರೆಗೆ ನಡೆದು ನೋಡಿ ಬಂದಿದ್ದರು.

"ಈ ಸಲ ಖರೇ ಅದ ರೀ ಸಾಹೇಬ್ರ," ಎಂದರು.